ಅಮೆರಿಕದ ಕಾಲೇಜು ಮಹಿಳಾ ಸಾಕರ್ ತಂಡಕ್ಕೆ ಹೆಡ್ ಕೋಚ್ ಆಗಬೇಕೆ? ಲೈಸೆನ್ಸ್‌ಗಿಂತ ಮೊದಲು ತಿಳಿಯಬೇಕಾದ್ದು

ಪ್ರಶ್ನೆ: ನನಗೆ 26 ವರ್ಷ. ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯದ ತಂಡದಲ್ಲಿ, ಆಮೇಲೆ ರಾಜ್ಯ ಮಹಿಳಾ ಲೀಗ್‌ನಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದ್ದೇನೆ. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ಕೊಡುವ ಕೋಚಿಂಗ್ ಡಿ ಲೈಸೆನ್ಸ್ ಇದೆ, ಈಗ ಒಂದು ಅಕಾಡೆಮಿಯಲ್ಲಿ ಹುಡುಗಿಯರಿಗೆ ಕೋಚಿಂಗ್ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಮುಂದೆ ಅಲ್ಲಿಯೇ ಕಾಲೇಜು ಮಹಿಳಾ ತಂಡಕ್ಕೆ ಹೆಡ್ ಕೋಚ್ ಆಗಬೇಕೆಂಬ ಆಸೆ. ಎ ಲೈಸೆನ್ಸ್ ಮುಗಿಸಿಕೊಂಡೇ ಹೋಗಲೇ? ಎಷ್ಟು ವರ್ಷ ಹಿಡಿಯುತ್ತದೆ? ವೀಸಾ ಸಮಸ್ಯೆ ಆಗುತ್ತದೆಯೇ? ಮನೆಯಲ್ಲಿ ‘ಅದೂ ಒಂದು ಉದ್ಯೋಗವೇ’ ಅನ್ನುತ್ತಿದ್ದಾರೆ.

ಉತ್ತರ: ಎ ಲೈಸೆನ್ಸ್‌ಗಾಗಿ ಹೊರಡುವುದನ್ನು ಮುಂದೂಡಬೇಡಿ. ಡಿಯಿಂದ ಸಿ, ಬಿ, ಎ ಎಂದು ಹತ್ತಲು ನಡುವಿನ ಕಡ್ಡಾಯ ಅನುಭವದ ಅವಧಿಯೂ ಸೇರಿ ವರ್ಷಗಳೇ ಬೇಕು. ಅಮೆರಿಕದ ಕಾಲೇಜುಗಳು ಹೆಡ್ ಕೋಚ್ ಆರಿಸುವಾಗ ಲೈಸೆನ್ಸನ್ನು ನೋಡುವುದು ಕೊನೆಯಲ್ಲಿ. ಮೊದಲು ಕೇಳುವುದು, ಈ ವ್ಯಕ್ತಿ ಆಟಗಾರ್ತಿಯರನ್ನು ಹುಡುಕಿ ತಂದು, ನಾಲ್ಕು ವರ್ಷ ಉಳಿಸಿಕೊಂಡು, ಡಿಗ್ರಿ ಮಾಡಿಸಿ ಕಳಿಸಬಲ್ಲಳೇ ಎಂದು. ಹೊರಡುವ ಮುನ್ನ ಸಿ ಕೋರ್ಸ್‌ನಲ್ಲಿ ಜಾಗ ಸಿಕ್ಕರೆ ಮಾತ್ರ ಮಾಡಿಬಿಡಿ. ಡಿ ನಮ್ಮ ದೇಶದ ಮಟ್ಟದ್ದು, ಏಷ್ಯಾದ ಫುಟ್‌ಬಾಲ್ ಒಕ್ಕೂಟದ ಮುದ್ರೆ ಇರುವುದು ಸಿಯಿಂದ ಮೇಲೆ. ಅಲ್ಲಿ ಹೋದ ಮೇಲೆ ಅಮೆರಿಕದ ಫುಟ್‌ಬಾಲ್ ಒಕ್ಕೂಟವಾದ ಯುಎಸ್ ಸಾಕರ್‌ನ (ನಮ್ಮ ಫುಟ್‌ಬಾಲೇ ಅಲ್ಲಿ ಸಾಕರ್) ಡಿ, ಸಿ, ಬಿ ಮೆಟ್ಟಿಲುಗಳಿವೆ. ನಿಮ್ಮ ಹಳೆಯ ಲೈಸೆನ್ಸ್ ತಾನಾಗಿಯೇ ಚಲಾವಣೆಯಾಗುತ್ತದೆ ಎಂದುಕೊಳ್ಳಬೇಡಿ, ಮಾನ್ಯತೆಗೆ ಬೇರೆ ಅರ್ಜಿ ಹಾಕಬೇಕು.

ಈಗ ಕೆಲಸದ ವಿಷಯ. ಅಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರ ಮೂರು ಡಿವಿಷನ್‌ಗಳು (ಹಂತಗಳು) ಸೇರಿ ಸಾವಿರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಮಹಿಳಾ ಸಾಕರ್ ಇದೆ, ಡಿವಿಷನ್ 1ರಲ್ಲೇ ಸುಮಾರು 350. ಎನ್‌ಎಐಎ ಎಂಬ ಇನ್ನೊಂದು ಸಂಸ್ಥೆಯ ಸಣ್ಣ ಕಾಲೇಜುಗಳು, ಎರಡು ವರ್ಷದ ಜೂನಿಯರ್ ಕಾಲೇಜುಗಳು ಬೇರೆ. ಡಿವಿಷನ್ 1ರಲ್ಲಂತೂ ಗಂಡಸರ ಸಾಕರ್ ತಂಡಗಳಿಗಿಂತ ಹೆಂಗಸರ ತಂಡಗಳೇ ಬಹಳ ಹೆಚ್ಚು. 1972ರ ಟೈಟಲ್ 9 ಕಾನೂನಿನ ಪ್ರಕಾರ ಹೆಣ್ಣುಮಕ್ಕಳಿಗೂ ಸಮಾನ ಅವಕಾಶ ಕೊಡಬೇಕು. ಅಮೆರಿಕನ್ ಫುಟ್‌ಬಾಲ್ ತಂಡವೊಂದರಲ್ಲೇ ನೂರರಷ್ಟು ಗಂಡು ಆಟಗಾರರಿರುವ ಕಾಲೇಜು, ಆ ಲೆಕ್ಕ ಸರಿದೂಗಿಸಲು ದೊಡ್ಡ ಮಹಿಳಾ ತಂಡಗಳನ್ನು ಕಟ್ಟಲೇಬೇಕಾಯಿತು. ನಿಮಗೆ ಈ ಕೆಲಸದ ಸಾಧ್ಯತೆ ಇರುವುದೇ ಆ ಕಾನೂನಿನಿಂದ.

ಡಿವಿಷನ್ ಬದಲಾದರೆ ಹೆಡ್ ಕೋಚ್‌ನ ಕೆಲಸವೇ ಬದಲಾಗುತ್ತದೆ. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಕೊಡುವಂತೆಯೇ ಇಲ್ಲ. ಅಲ್ಲಿ ಕೋಚ್ ಮಾಡುವುದು ಹುಡುಗಿಯ ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ಮೊದಲೇ ತೋರಿಸಿ ‘ಇವಳಿಗೆ ಸೀಟು ಸಿಗಬಹುದೇ, ಓದಿನ ಆಧಾರದ ನೆರವು ಎಷ್ಟು ಬರಬಹುದು’ ಎಂದು ವಿಚಾರಿಸಿಕೊಳ್ಳುವುದು. ಸಣ್ಣ ಖಾಸಗಿ ಕಾಲೇಜುಗಳಲ್ಲಿ ಇನ್ನೊಂದು ಸಂಗತಿ ಇದೆ, ಜಾಹೀರಾತಿನಲ್ಲಿ ಬರೆದಿರುವುದಿಲ್ಲ: ವರ್ಷಕ್ಕೆ ಇಂತಿಷ್ಟು ಹೊಸ ವಿದ್ಯಾರ್ಥಿನಿಯರನ್ನು ತಂಡದ ಮೂಲಕ ಕಾಲೇಜಿಗೆ ಸೇರಿಸಬೇಕು ಎಂಬ ಗುರಿ. ಶುಲ್ಕ ಕಟ್ಟುವ ಮಕ್ಕಳು ಬೇಕಾದ್ದರಿಂದ ರೋಸ್ಟರ್, ಅಂದರೆ ತಂಡದ ಆಟಗಾರ್ತಿಯರ ಪಟ್ಟಿ, 35 ಆದರೂ ಅವರಿಗೆ ಸಂತೋಷವೇ. 35 ಜನರಲ್ಲಿ 15 ಜನಕ್ಕೆ ಆಡುವ ಅವಕಾಶವೇ ಇಲ್ಲದೆ, ಎರಡನೇ ವರ್ಷಕ್ಕೆ ಅವರು ಬಿಟ್ಟು ಹೋದಾಗ ಉತ್ತರ ಹೇಳಬೇಕಾದವರು ಕೋಚ್. ಸಂದರ್ಶನದಲ್ಲಿ ಈ ಗುರಿ ಎಷ್ಟೆಂದು ಬಾಯಿಬಿಟ್ಟು ಕೇಳಿ.

ಡಿವಿಷನ್ 1ರ ಲೆಕ್ಕ ಬೇರೆ. ಹಿಂದೆ ಮಹಿಳಾ ಸಾಕರ್‌ಗೆ 14 ಪೂರ್ಣ ಸ್ಕಾಲರ್‌ಶಿಪ್‌ಗಳ ಮಿತಿ ಇತ್ತು, ಅವನ್ನೇ ತುಂಡು ತುಂಡು ಮಾಡಿ 28ರಿಂದ 30 ಹುಡುಗಿಯರಿಗೆ ಹಂಚುತ್ತಿದ್ದರು. 2025ರ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಮೊಕದ್ದಮೆಯ ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟ ಮೇಲೆ, ಅದಕ್ಕೆ ಸೇರಿಕೊಂಡ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮಿತಿ ಹೋಗಿ ರೋಸ್ಟರ್ ಮಿತಿ ಬಂತು: ಮಹಿಳಾ ಸಾಕರ್‌ಗೆ 28. ಇಪ್ಪತ್ತೆಂಟೂ ಜನಕ್ಕೆ ಪೂರ್ತಿ ಕೊಡಬಹುದು, ದುಡ್ಡಿದ್ದರೆ. ಬಹಳಷ್ಟು ಕಾಲೇಜುಗಳಲ್ಲಿ ಇಲ್ಲ. ಡಿವಿಷನ್ 2ರಲ್ಲಿ 9.9ರ ಹಳೆಯ ಮಿತಿ ಇದೆ, ಅದನ್ನೂ ಪೂರ್ತಿ ತುಂಬುವ ಬಜೆಟ್ ಎಲ್ಲರಿಗೂ ಇರುವುದಿಲ್ಲ.

28 ಜನರ ರೋಸ್ಟರ್ ಕಟ್ಟುವುದನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ. 3 ಗೋಲ್‌ಕೀಪರ್, 9 ಡಿಫೆಂಡರ್, 9 ಮಿಡ್‌ಫೀಲ್ಡರ್, 7 ಫಾರ್ವರ್ಡ್. ಅಡ್ಡಸಾಲಿನಲ್ಲಿ ಸ್ಥಾನ, ಉದ್ದಸಾಲಿನಲ್ಲಿ ಡಿಗ್ರಿ ಮುಗಿಸುವ ವರ್ಷ. ಎಡಗಾಲಿನ ಇಬ್ಬರು ಲೆಫ್ಟ್‌ಬ್ಯಾಕ್‌ಗಳೂ ಒಂದೇ ವರ್ಷ ಹೊರಹೋಗುತ್ತಾರೆ ಎಂದರೆ ಆ ಕೊರತೆ ಎರಡು ವರ್ಷ ಮೊದಲೇ ಕಾಣಬೇಕು, ಏಕೆಂದರೆ ಹೈಸ್ಕೂಲಿನ ಹುಡುಗಿಯ ಜೊತೆ ಮಾತು ಶುರುವಾಗುವುದೇ ಅಷ್ಟು ಹಿಂದೆ. ಪ್ರತಿ ವರ್ಷ ಏಳೇಳು ಜನ ಎಂಬ ಭಾಗಾಕಾರ ಈಗ ನಡೆಯುವುದಿಲ್ಲ. 2018ರಲ್ಲಿ, ಕಾಲೇಜು ಬದಲಿಸಬಯಸುವವರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2024ರಿಂದ ಓದು ಸರಿಯಿದ್ದವರು ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು. ಹಾಗಾಗಿ ಎರಡು ಮೂರು ಜಾಗ ಖಾಲಿ ಇಟ್ಟುಕೊಂಡೇ ಹೈಸ್ಕೂಲ್ ಹುಡುಗಿಯರಿಗೆ ಮಾತು ಕೊಡಬೇಕು. ಸೀಸನ್ ಮುಗಿದ ವಾರ ನಿಮ್ಮ ಅತ್ಯುತ್ತಮ ಮಿಡ್‌ಫೀಲ್ಡರ್ ಪೋರ್ಟಲ್‌ಗೆ ಹೆಸರು ಕೊಟ್ಟರೆ ಕೊಡಲು ಜಾಗವೂ ಇರಬೇಕು, ದುಡ್ಡೂ ಇರಬೇಕು.

ರಿಕ್ರೂಟಿಂಗ್, ಅಂದರೆ ಆಟಗಾರ್ತಿಯರನ್ನು ಹುಡುಕಿ ಕಾಲೇಜಿಗೆ ಕರೆತರುವ ಕೆಲಸದ ದಿನಾಂಕಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಡಿವಿಷನ್ 1ರಲ್ಲಿ ಹುಡುಗಿ ಹತ್ತನೇ ತರಗತಿ ಮುಗಿಸಿದ ವರ್ಷದ ಜೂನ್ 15ಕ್ಕೆ ಮೊದಲು ಕೋಚ್ ಅವಳಿಗೆ ರಿಕ್ರೂಟಿಂಗ್ ಮಾತಾಡುವಂತಿಲ್ಲ, ಫೋನ್, ಇಮೇಲ್, ಮೆಸೇಜ್ ಯಾವುದೂ. ಅವಳಾಗಿಯೇ ಫೋನ್ ಮಾಡಿದರೂ ಅಷ್ಟೇ. ಕ್ಯಾಂಪಸ್‌ಗೆ ಅಧಿಕೃತ ಭೇಟಿ ಆ ವರ್ಷದ ಆಗಸ್ಟ್ 1ರಿಂದ. ಕ್ಯಾಂಪಸ್ ಹೊರಗೆ ಹೋಗಿ ರಿಕ್ರೂಟ್ ಮಾಡಬೇಕಾದರೆ ಪ್ರತಿ ವರ್ಷ ಎನ್‌ಸಿಎಎ ನಿಯಮಗಳ ಪರೀಕ್ಷೆ ಪಾಸಾಗಬೇಕು. ತಪ್ಪುಗಳು ಆಗುವುದು ದೊಡ್ಡ ಸಂಚಿನಿಂದಲ್ಲ. ಟೂರ್ನಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯ ಅಪ್ಪ ಕೈಕುಲುಕಿ ‘ಹೇಗಾಡಿದಳು ನಮ್ಮ ಮಗಳು’ ಎನ್ನುತ್ತಾರೆ, ಹೊಸ ಅಸಿಸ್ಟೆಂಟ್ ಎರಡು ನಿಮಿಷ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಅಷ್ಟೇ ಸಾಕು. ‘ನಮಸ್ಕಾರ, ನಿಯಮ ಇದೆ, ಮಾತಾಡುವ ಹಾಗಿಲ್ಲ’ ಎಂದು ಹೊರಟುಬಿಡುವುದನ್ನು ರೂಢಿ ಮಾಡಿಕೊಳ್ಳಬೇಕು. 2023ರಿಂದ ನಿಯಮ ಇನ್ನೂ ಬಿಗಿ: ಸಹಾಯಕರ ಉಲ್ಲಂಘನೆಗೆ ಹೆಡ್ ಕೋಚ್ ತಾನಾಗಿಯೇ ಹೊಣೆ, ‘ನನಗೆ ಗೊತ್ತಿರಲಿಲ್ಲ’ ಎಂಬ ವಾದ ನಡೆಯುವುದಿಲ್ಲ.

ಹುಡುಗಿಯರನ್ನು ನೋಡುವ ಮುಖ್ಯ ಜಾಗ ಹದಿಹರೆಯದ ಹುಡುಗಿಯರ ಕ್ಲಬ್ ಲೀಗ್‌ಗಳಾದ ಇಸಿಎನ್‌ಎಲ್ ಮತ್ತು ಗರ್ಲ್ಸ್ ಅಕಾಡೆಮಿಗಳ ಶೋಕೇಸ್ ಟೂರ್ನಿಗಳು. ಒಂದೇ ಸಂಕೀರ್ಣದಲ್ಲಿ ಹತ್ತಾರು ಮೈದಾನ, ಬೆಳಿಗ್ಗೆ ಎಂಟರಿಂದ ಸಂಜೆವರೆಗೆ ಪಂದ್ಯ, ಪ್ರತಿ ಮೈದಾನದ ಒಂದು ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡ ಕಾಲೇಜು ಕೋಚ್‌ಗಳು. ಒಬ್ಬ ಆಟಗಾರ್ತಿಗೆ ಹೆಚ್ಚೆಂದರೆ 25 ನಿಮಿಷ. ಟಿಪ್ಪಣಿಯಲ್ಲಿ ಜೆರ್ಸಿ ಸಂಖ್ಯೆ, ಡಿಗ್ರಿ ವರ್ಷ, ಸ್ಥಾನ, ಬಲಗಾಲೋ ಎಡಗಾಲೋ. ಆಮೇಲೆ ಚೆಂಡು ಬರುವ ಮುಂಚೆ ಭುಜದ ಮೇಲಿಂದ ತಿರುಗಿ ನೋಡುತ್ತಾಳೆಯೇ, ಚೆಂಡು ಕಳೆದುಕೊಂಡ ಮೊದಲ ಮೂರು ಸೆಕೆಂಡ್ ಏನು ಮಾಡುತ್ತಾಳೆ, ಬದಲಿಯಾಗಿ ಹೊರಬಂದಾಗ ಬೆಂಚಿನಲ್ಲಿ ಹೇಗೆ ಕೂರುತ್ತಾಳೆ. ಹೊಸಬರು ಸಾಮಾನ್ಯವಾಗಿ ಮೋಸಹೋಗುವುದು 15ನೇ ವಯಸ್ಸಿಗೇ ಎತ್ತರ, ವೇಗ ಬಂದ ಹುಡುಗಿಯ ವಿಷಯದಲ್ಲಿ. ಮೂರು ವರ್ಷದ ನಂತರ ಉಳಿದವರೂ ಅಷ್ಟೇ ಓಡುತ್ತಾರೆ, ಆಗ ಮೊದಲ ಸ್ಪರ್ಶ ಕೆಟ್ಟಿದ್ದರೆ ಅವಳಿಗೆ ಜಾಗವಿಲ್ಲ. ನಿಮ್ಮ ಅಕಾಡೆಮಿಯಲ್ಲಿ ಈಗಲೇ ಹೀಗೆ ಬರೆದಿಡಲು ಶುರುಮಾಡಿ. ಕಣ್ಣು ಪಳಗುವುದು ಬರೆದಾಗ ಮಾತ್ರ.

ಇನ್ನು ಸೀಸನ್. ಆಗಸ್ಟ್ ಆರಂಭದಲ್ಲಿ ಅಭ್ಯಾಸ, ಆಗಸ್ಟ್ ಮಧ್ಯದಿಂದ ನವೆಂಬರ್ ಆರಂಭದವರೆಗೆ ಸುಮಾರು 18 ಪಂದ್ಯ, ಆಮೇಲೆ 64 ತಂಡಗಳ ಎನ್‌ಸಿಎಎ ಟೂರ್ನಿ. ವಾರಕ್ಕೆ ಎರಡು ಪಂದ್ಯ, ಸಾಮಾನ್ಯವಾಗಿ ಗುರುವಾರ ಮತ್ತು ಭಾನುವಾರ. ಆಟಗಾರ್ತಿಯರಿಂದ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಕೆಲಸ ತೆಗೆಸುವಂತಿಲ್ಲ, ವಾರಕ್ಕೊಂದು ದಿನ ಪೂರ್ಣ ರಜೆ ಕೊಡಲೇಬೇಕು. ಪಂದ್ಯದ ದಿನವನ್ನು 3 ಗಂಟೆ ಎಂದು ಎಣಿಸುತ್ತಾರೆ. ಹೀಗೆ ಹಂಚಿ ನೋಡಿ: ಸೋಮವಾರ ರಜೆ, ಮಂಗಳವಾರ ಜಿಮ್ ಮತ್ತು ವಿಡಿಯೊ ಸೇರಿ 4, ಬುಧವಾರ ಸೆಟ್‌ಪೀಸ್ (ಕಾರ್ನರ್, ಫ್ರೀಕಿಕ್) ಸಹಿತ 3, ಗುರುವಾರ ಪಂದ್ಯ 3, ಶುಕ್ರವಾರ ಎರಡೂವರೆ, ಶನಿವಾರ ಎರಡೂವರೆ, ಭಾನುವಾರ ಪಂದ್ಯ 3. ಒಟ್ಟು 18. ಶುಕ್ರವಾರವೇ ನಾಜೂಕಿನದು. ಹಿಂದಿನ ದಿನ 90 ನಿಮಿಷ ಆಡಿದವರಿಗೆ ಸೈಕಲ್, ಸ್ಟ್ರೆಚ್ ಅಷ್ಟೇ. ಆಡದವರಿಗೆ ಸಣ್ಣ ಮೈದಾನದಲ್ಲಿ ಐದೈದು ಜನರ ಬಿರುಸಿನ ಆಟ, ಜೊತೆಗೆ ಪೂರ್ಣ ವೇಗದ ಓಟ. ಇದನ್ನು ಬಿಟ್ಟರೆ ಅಕ್ಟೋಬರ್ ಹೊತ್ತಿಗೆ ಬೆಂಚಿನ ಹುಡುಗಿಯರ ದಮ್ಮು ಇಳಿದಿರುತ್ತದೆ, ಆಗಲೇ ಅವರು ಬೇಕಾಗುವುದು. ಸೀಸನ್ ಹೊರಗೆ ವಾರಕ್ಕೆ 8 ಗಂಟೆ ಮಾತ್ರ.

ನಿಯಮಗಳೂ ನೀವು ಆಡಿದ ಫುಟ್‌ಬಾಲಿನವಲ್ಲ. ಮೊದಲರ್ಧದಲ್ಲಿ ಹೊರಬಂದವಳು ಅದೇ ಅರ್ಧದಲ್ಲಿ ಮತ್ತೆ ಇಳಿಯುವಂತಿಲ್ಲ, ಎರಡನೇ ಅರ್ಧದಲ್ಲಿ ಒಂದು ಸಲ ಮರಳಬಹುದು. ಹಾಗಾಗಿ ಒತ್ತಡ ಹೇರಿ ಆಡುವ ತಂಡಗಳು 25ನೇ ನಿಮಿಷದ ಸುಮಾರಿಗೆ ಫಾರ್ವರ್ಡ್‌ಗಳನ್ನು ಬದಲಿಸಿ, ವಿರಾಮದ ನಂತರ ಮತ್ತೆ ಇಳಿಸುತ್ತವೆ. ಗಾಯದ ಸಮಯ ಸೇರಿಸುವ ಪದ್ಧತಿ ಇಲ್ಲ, ಗಡಿಯಾರವನ್ನೇ ನಿಲ್ಲಿಸುತ್ತಾರೆ. 2022ರಿಂದ ಲೀಗ್ ಹಂತದಲ್ಲಿ ಹೆಚ್ಚುವರಿ ಸಮಯವೂ ಇಲ್ಲ, ಡ್ರಾ ಎಂದರೆ ಡ್ರಾ.

ಮಹಿಳಾ ತಂಡದ ಕೋಚ್ ನಿದ್ದೆಗೆಡಿಸುವುದು ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜಿನ ಗಾಯ. ಹೆಣ್ಣುಮಕ್ಕಳಿಗೆ ಇದರ ಅಪಾಯ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು, ಶಸ್ತ್ರಚಿಕಿತ್ಸೆಯಾದರೆ ಮರಳಲು ಕನಿಷ್ಠ 9 ತಿಂಗಳು, ಅಂದರೆ ಒಂದು ಸೀಸನ್ ಹೋಯಿತೆಂದೇ ಲೆಕ್ಕ. ಫಿಫಾ 11+ ವಾರ್ಮಪ್ ಇದಕ್ಕೇ ಇರುವುದು: ಓಟ, ಶಕ್ತಿ, ಜಿಗಿತ, ಮತ್ತೆ ಓಟ, ಒಟ್ಟು 20 ನಿಮಿಷ, ವಾರಕ್ಕೆ ಕನಿಷ್ಠ ಎರಡು ಸಲ. ಕೆಲಸ ಮಾಡದೆ ಹೋಗುವುದು ಯಾವಾಗ? ಸಮಯವಿಲ್ಲವೆಂದು ನಡುವಿನ ಶಕ್ತಿ ವ್ಯಾಯಾಮಗಳನ್ನು ಹಾರಿಸಿದಾಗ, ಮತ್ತು ಜಿಗಿದು ಇಳಿಯುವಾಗ ಮಂಡಿಗಳು ಒಳಕ್ಕೆ ಬಾಗುವುದನ್ನು ಯಾರೂ ತಿದ್ದದಿದ್ದಾಗ. ಇದನ್ನು ಇಲ್ಲೇ ಕಲಿತು ಹೋಗಿ, ದುಡ್ಡು ಬೇಕಿಲ್ಲ.

ಓದಿನ ಹೊಣೆಯೂ ನಿಮ್ಮದೇ. ಡಿವಿಷನ್ 1ರಲ್ಲಿ ಎರಡನೇ ವರ್ಷದ ಕೊನೆಗೆ ಡಿಗ್ರಿಯ ಶೇ. 40, ಮೂರನೇ ವರ್ಷಕ್ಕೆ 60, ನಾಲ್ಕಕ್ಕೆ 80 ಮುಗಿದಿರಬೇಕು, ಇಲ್ಲವಾದರೆ ಆಡುವಂತಿಲ್ಲ. ತಂಡದ ಓದಿನ ಸೂಚ್ಯಂಕ ಎಪಿಆರ್ ನಾಲ್ಕು ವರ್ಷದ ಸರಾಸರಿಯಲ್ಲಿ 930ಕ್ಕಿಂತ ಇಳಿದರೆ ತಂಡಕ್ಕೇ ಟೂರ್ನಿ ಇಲ್ಲ. ಎರಡನೇ ವರ್ಷ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಿಸುವ ಹುಡುಗಿಯರು ಈ ಶೇಕಡಾ ಲೆಕ್ಕದಲ್ಲೇ ಸಿಕ್ಕಿಬೀಳುವುದು.

ಈಗ ನಿಮ್ಮ ದಾರಿ. ಮೊದಲ ಮೆಟ್ಟಿಲು ಗ್ರ್ಯಾಜುಯೇಟ್ ಅಸಿಸ್ಟೆಂಟ್: ಮಾಸ್ಟರ್ಸ್ ಓದುತ್ತ ತಂಡದಲ್ಲಿ ಕೆಲಸ, ಬದಲಿಗೆ ಶುಲ್ಕ ಮಾಫಿ ಮತ್ತು ಸಣ್ಣ ಸ್ಟೈಪೆಂಡ್. ಇವು ಹೆಚ್ಚಾಗಿ ಡಿವಿಷನ್ 2, 3 ಮತ್ತು ಎನ್‌ಎಐಎ ಕಾಲೇಜುಗಳಲ್ಲಿ. ನಿಮಗೆ ಸೀಟು ಸಿಕ್ಕ ವಿಶ್ವವಿದ್ಯಾಲಯ ಡಿವಿಷನ್ 1ರದ್ದಾದರೆ ಅಲ್ಲಿ ಇಂಥ ಹುದ್ದೆ ಇದೆಯೇ ಎಂದು ಇಂದೇ ವಿಚಾರಿಸಿ. ಇಲ್ಲವಾದರೆ, ಹೆಸರು ಸಣ್ಣದಾದರೂ ಹುದ್ದೆ ಕೊಡುವ ಕಾಲೇಜೇ ನಿಮಗೆ ಲಾಭ ಎಂಬುದು ನಮ್ಮ ಅಭಿಪ್ರಾಯ. ಸಾಲ ಮಾಡಿ ದೊಡ್ಡ ಹೆಸರಿನ ಡಿಗ್ರಿ ತಂದರೆ ಈ ಕೆಲಸದಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ವೀಸಾದಲ್ಲಿ ಎಡವುವುದು ಇಲ್ಲೇ. ಎಫ್-1 ವಿದ್ಯಾರ್ಥಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಸೀಸನ್ನಿನಲ್ಲಿ ಅಭ್ಯಾಸ, ವಿಡಿಯೊ, ಹೊರಊರಿನ ಪಂದ್ಯ ಸೇರಿದರೆ ಕೋಚ್‌ಗಳ ಕೆಲಸ ಎರಡು ಪಟ್ಟು ದಾಟುತ್ತದೆ. ಅಮೆರಿಕದ ಹುಡುಗಿಯೊಬ್ಬಳು ಅದೇ ಹುದ್ದೆಯಲ್ಲಿ ಅಷ್ಟೂ ಮಾಡಬಹುದು, ನೀವು ಮಾಡಿದರೆ ವೀಸಾ ಸ್ಥಿತಿಗೇ ಕುತ್ತು. ‘ಉಳಿದದ್ದು ಸ್ವಯಂಸೇವೆ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ, ಸಂಬಳ ಕೊಡಬೇಕಾದ ಕೆಲಸ ಬಿಟ್ಟಿ ಮಾಡಿದರೂ ಅದು ಕೆಲಸವೇ. ಸಣ್ಣ ಕಾಲೇಜುಗಳ ಅಸಿಸ್ಟೆಂಟ್‌ಗಳು ಸಂಜೆ ಊರಿನ ಕ್ಲಬ್‌ನಲ್ಲಿ ಕೋಚಿಂಗ್ ಮಾಡಿ ಖರ್ಚು ತೂಗಿಸಿಕೊಳ್ಳುತ್ತಾರೆ. ಅನುಮತಿ ಇಲ್ಲದೆ ನಿಮಗೆ ಅದೂ ಇಲ್ಲ. ಗಂಟೆಗಳ ಹಂಚಿಕೆಯನ್ನು ಸೇರುವ ಮುಂಚೆಯೇ ಬರಹದಲ್ಲಿ ಪಡೆಯಿರಿ.

ಡಿಗ್ರಿ ಮುಗಿದ ಮೇಲೆ ಎಫ್-1ನಲ್ಲೇ ದುಡಿಯಲು ಸಿಗುವ 12 ತಿಂಗಳ ಅನುಮತಿ ಒಪಿಟಿ, ಅದರಲ್ಲಿ ಕೆಲಸವಿಲ್ಲದೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಕೋಚ್‌ಗಳ ನೇಮಕದ ಗಾಳಿ ಬೀಸುವುದು ಸೀಸನ್ ಮುಗಿದ ನವೆಂಬರ್‌ನಿಂದ, ಹೆಡ್ ಕೋಚ್‌ಗಳು ಬದಲಾದ ಮೇಲೆ ಅಸಿಸ್ಟೆಂಟ್ ಹುದ್ದೆಗಳು ಬೇಸಿಗೆವರೆಗೆ ತೆರೆಯುತ್ತಲೇ ಇರುತ್ತವೆ. ಜನವರಿಯ ಯುನೈಟೆಡ್ ಸಾಕರ್ ಕೋಚಸ್ ಸಮಾವೇಶಕ್ಕೆ ಎರಡನೇ ವರ್ಷ ತಪ್ಪದೆ ಹೋಗಿ. ನಂತರದ್ದು ಎಚ್-1ಬಿ ಎಂಬ ಕೆಲಸದ ವೀಸಾ. ವಿಶ್ವವಿದ್ಯಾಲಯಗಳಿಗೆ ಲಾಟರಿ ಇಲ್ಲ, ಇದು ದೊಡ್ಡ ಅನುಕೂಲ. ತೊಡಕು ಬೇರೆ: ಆ ಹುದ್ದೆಗೆ ನಿರ್ದಿಷ್ಟ ವಿಷಯದ ಡಿಗ್ರಿ ಬೇಕೇಬೇಕು ಎಂದು ತೋರಿಸಬೇಕು, ಆದರೆ ಕೋಚ್ ಹುದ್ದೆಯ ಜಾಹೀರಾತುಗಳಲ್ಲಿ ‘ಯಾವುದೇ ಪದವಿ’ ಎಂದಿರುತ್ತದೆ. ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ 1 ಲಕ್ಷ ಡಾಲರ್ ಶುಲ್ಕ ಅಮೆರಿಕದೊಳಗೇ ಇದ್ದು ಎಫ್-1ನಿಂದ ಬದಲಾಯಿಸಿಕೊಳ್ಳುವವರಿಗೆ ಅನ್ವಯಿಸದು ಎಂದು ವಲಸೆ ಇಲಾಖೆ ಆಮೇಲೆ ಸ್ಪಷ್ಟಪಡಿಸಿತು. ಈ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಹುದ್ದೆ ಒಪ್ಪುವ ಮೊದಲು ವಲಸೆ ವಕೀಲರನ್ನು ಕೇಳಿ, ಸಹೋದ್ಯೋಗಿಗಳನ್ನಲ್ಲ.

ಎಷ್ಟು ವರ್ಷ? ಮಾಸ್ಟರ್ಸ್‌ನ ಎರಡು, ಅಸಿಸ್ಟೆಂಟ್ ಆಗಿ ನಾಲ್ಕೈದು, ಹೀಗೆ ಸಣ್ಣ ಕಾಲೇಜಿನ ಹೆಡ್ ಕೋಚ್ ಆಗಲು ಆರೇಳು ವರ್ಷ ಇಟ್ಟುಕೊಳ್ಳಿ. ಎರಡು ಮಾದರಿಗಳಿವೆ. ಒಂದು, ಕೆಳಗಿನ ಡಿವಿಷನ್‌ನಲ್ಲಿ ಹೆಡ್ ಕೋಚ್ ಆಗಿ ಗೆದ್ದು ಮೇಲೆ ಹೋಗುವುದು: ಡಿವಿಷನ್ 2ರ ಗ್ರ್ಯಾಂಡ್ ವ್ಯಾಲಿ ಸ್ಟೇಟ್‌ನಿಂದ ಡೇವ್ ಡಿಯಾನಿ 2014ರಲ್ಲಿ ಅಯೋವಾಕ್ಕೆ, ಅವರ ನಂತರ ಅಲ್ಲಿದ್ದ ಜೆಫ್ ಹಾಸ್ಲರ್ 2021ರಲ್ಲಿ ಮಿಷಿಗನ್ ಸ್ಟೇಟ್‌ಗೆ ಹೋದರು. ಇನ್ನೊಂದು, ದೊಡ್ಡ ತಂಡದಲ್ಲಿ ದೀರ್ಘಕಾಲ ಅಸಿಸ್ಟೆಂಟ್ ಆಗಿ ಪಳಗುವುದು: ಸ್ಟ್ಯಾನ್‌ಫರ್ಡ್‌ನಲ್ಲಿ ಅಸಿಸ್ಟೆಂಟ್ ಆಗಿದ್ದ ಮಾರ್ಗರೀಟ್ ಅಓಜಾಸಾ ಯುಸಿಎಲ್‌ಎ ಹೆಡ್ ಕೋಚ್ ಆದ ಮೊದಲ ಸೀಸನ್ನಿನಲ್ಲೇ, 2022ರಲ್ಲಿ, ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ನಾರ್ತ್ ಕೆರೊಲಿನಾದಲ್ಲಿ 1979ರಿಂದ ಇದ್ದ ಆ್ಯನ್ಸನ್ ಡೊರಾನ್ಸ್ 2024ರ ಆಗಸ್ಟ್‌ನಲ್ಲಿ, ಸೀಸನ್ ಬಾಗಿಲಲ್ಲೇ ನಿವೃತ್ತರಾದಾಗ ಹಂಗಾಮಿಯಾಗಿ ಬಂದವರು ಅವರ ಅಸಿಸ್ಟೆಂಟ್ ಡೇಮನ್ ನಹಾಸ್, ಆ ವರ್ಷದ ಪ್ರಶಸ್ತಿಯೂ ಅವರದ್ದೇ. ವಿದೇಶದಿಂದ ಬಂದವರಿಗೆ ಮೊದಲ ದಾರಿ ಹೆಚ್ಚು ತೆರೆದಿದೆ. ಯಾವ ದಾರಿಯಾದರೂ, ಅಸಿಸ್ಟೆಂಟ್ ಆಗಿದ್ದಾಗ ‘ಒಂದು ವರ್ಷದ ರಿಕ್ರೂಟಿಂಗ್ ಪೂರ್ತಿ ನನ್ನ ಕೈಗೆ ಕೊಡಿ’ ಎಂದು ಕೇಳಿ. ಕೋನ್ ಜೋಡಿಸುವುದು, ವ್ಯಾನ್ ಓಡಿಸುವುದು, ಜೆರ್ಸಿ ಒಗೆಸುವುದರಲ್ಲೇ ಮೂರು ವರ್ಷ ಕಳೆದವರ ಅರ್ಜಿಯಲ್ಲಿ ಬರೆಯಲು ಏನೂ ಇರುವುದಿಲ್ಲ.

ನೀವು ಹೆಣ್ಣು ಎಂಬುದು ಅನುಕೂಲವೇ? ಟೈಟಲ್ 9ಕ್ಕೆ ಮೊದಲು ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಹೆಂಗಸರೇ ಇದ್ದರು. ಕಾನೂನು ಬಂದು ದುಡ್ಡು ಬಂದ ಮೇಲೆ ಗಂಡಸರು ಬಂದರು, ಈಗ ಎಲ್ಲ ಕ್ರೀಡೆಗಳೂ ಸೇರಿ ಅರ್ಧಕ್ಕಿಂತ ಕಡಿಮೆ, ಸಾಕರ್‌ನಲ್ಲಿ ಇನ್ನೂ ಕಡಿಮೆ. ಕಾಲೇಜುಗಳು ಹೆಂಗಸರನ್ನು ಹುಡುಕುತ್ತವೆ ನಿಜ, ಸಂದರ್ಶನದವರೆಗೆ ಕರೆಯುತ್ತವೆ. ಅಲ್ಲಿಂದಾಚೆ ನಿಮ್ಮ ರೋಸ್ಟರ್ ಲೆಕ್ಕವೇ ಮಾತಾಡಬೇಕು.

ಮನೆಯವರ ಪ್ರಶ್ನೆಗೆ: ಹೌದು, ಉದ್ಯೋಗವೇ, ಆರೋಗ್ಯ ವಿಮೆ ಮತ್ತು ನಿವೃತ್ತಿ ನಿಧಿ ಇರುವ ವಿಶ್ವವಿದ್ಯಾಲಯದ ನೌಕರಿ. ಆದರೆ ಭದ್ರವಲ್ಲ. ಸಣ್ಣ ಕಡೆ ವರ್ಷವರ್ಷ ನವೀಕರಿಸುವ ಕರಾರು, ದೊಡ್ಡ ಕಡೆ ಮೂರರಿಂದ ಐದು ವರ್ಷ. ಮೂರನೇ ನಾಲ್ಕನೇ ಸೀಸನ್ ಹೊತ್ತಿಗೆ, ನೀವೇ ತಂದ ಹುಡುಗಿಯರು ತಂಡ ತುಂಬಿದಾಗ, ಲೆಕ್ಕ ಕೇಳುತ್ತಾರೆ. ನಿಮ್ಮನ್ನು ನೇಮಿಸಿದ ಅಥ್ಲೆಟಿಕ್ ಡೈರೆಕ್ಟರ್ (ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರು) ಬದಲಾದರೆ ಅದಕ್ಕೂ ಮೊದಲೇ. ಕರಾರಿನಲ್ಲಿ ನೋಡಬೇಕಾದ್ದು ಸಂಬಳ ಒಂದನ್ನೇ ಅಲ್ಲ. ಕಾರಣವಿಲ್ಲದೆ ತೆಗೆದರೆ ಎಷ್ಟು ತಿಂಗಳ ಸಂಬಳ, ನೀವೇ ಬಿಟ್ಟರೆ ಎಷ್ಟು ಕಟ್ಟಬೇಕು, ಬೇಸಿಗೆ ಕ್ಯಾಂಪ್‌ನ ಆದಾಯ ಯಾರಿಗೆ, ಅಸಿಸ್ಟೆಂಟ್‌ಗಳಿಗೆ ಇಟ್ಟ ಮೊತ್ತ ಎಷ್ಟು. ಸರ್ಕಾರಿ ವಿಶ್ವವಿದ್ಯಾಲಯಗಳ ಕರಾರುಗಳು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ, ಕೇಳಿ ಪಡೆಯಬಹುದು. ಅಮೆರಿಕದ ಶಿಕ್ಷಣ ಇಲಾಖೆಯ ಇಎಡಿಎ ಜಾಲತಾಣದಲ್ಲಿ ಪ್ರತಿ ಕಾಲೇಜಿನ ಮಹಿಳಾ ಸಾಕರ್ ಖರ್ಚು, ಆಟಗಾರ್ತಿಯರ ಸಂಖ್ಯೆ, ಮಹಿಳಾ ತಂಡಗಳ ಹೆಡ್ ಕೋಚ್‌ಗಳ ಸರಾಸರಿ ಸಂಬಳ ಉಚಿತವಾಗಿ ಸಿಗುತ್ತದೆ. ಅಪ್ಪ ಅಮ್ಮನ ಜೊತೆ ಕೂತು ಹತ್ತು ಕಾಲೇಜುಗಳದ್ದು ನೋಡಿ, ವಾದಕ್ಕಿಂತ ಅದು ಒಳ್ಳೆಯದು.

ಈ ತಿಂಗಳು ಮಾಡಬೇಕಾದದ್ದು ಇಷ್ಟು. ನಿಮಗೆ ಸೀಟು ಸಿಕ್ಕ ವಿಶ್ವವಿದ್ಯಾಲಯದ ಸುತ್ತ 150 ಮೈಲಿಯೊಳಗಿನ ಎಲ್ಲ ಮಹಿಳಾ ತಂಡಗಳ ಪಟ್ಟಿ ಮಾಡಿ ಹೆಡ್ ಕೋಚ್‌ಗಳಿಗೆ ಇಮೇಲ್ ಬರೆಯಿರಿ. ನೀವು ಸೇರುವ ಕಾಲೇಜಿನವರಿಗೆ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಹುದ್ದೆ ಕೇಳಿ, ಉಳಿದವರಿಗೆ ಅಭ್ಯಾಸ ನೋಡಲು ಬರಬಹುದೇ ಎಂದಷ್ಟೇ. ಇಮೇಲ್ ಹತ್ತು ಸಾಲು ಮೀರಬಾರದು. ರಾಜ್ಯ ಲೀಗ್ ಎಂದರೆ ಅವರಿಗೆ ಏನೂ ತಿಳಿಯದು, ಯಾವ ಹಂತದ ಆಟ, ಎಷ್ಟು ತಂಡ, ನೀವು ಎಷ್ಟು ಪಂದ್ಯ ಆಡಿದಿರಿ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಜೊತೆಗೆ ಎರಡು ಕೊಂಡಿ: ನೀವು ಅಕಾಡೆಮಿಯಲ್ಲಿ ಅಭ್ಯಾಸ ನಡೆಸುವ ಆರೇಳು ನಿಮಿಷದ ವಿಡಿಯೊ, ನಿಮ್ಮ ದನಿ ಕೇಳುವಂತೆ, ಹುಡುಗಿಯರ ಮುಖ ಕಾಣುವುದಾದರೆ ಪೋಷಕರ ಒಪ್ಪಿಗೆ ಪಡೆದು. ಮತ್ತು ಯಾವುದಾದರೂ ಪಂದ್ಯದ ನಿಮ್ಮ ವಿಶ್ಲೇಷಣೆ ಒಂದೇ ಪುಟ. ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಆಡಿದ ಪಂದ್ಯವಾದರೂ ಸರಿ, ಅವರದೇ ತಂಡದ ಕಳೆದ ಸೀಸನ್ ಪಂದ್ಯದ ವಿಡಿಯೊ ಸಿಕ್ಕರೆ ಇನ್ನೂ ಸರಿ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಕಳಿಸಿದ ಇಮೇಲ್‌ಗೆ ಉತ್ತರ ಬರದಿದ್ದರೆ ಬೇಸರ ಬೇಡ, ಅವರು ಸೀಸನ್ನಿನಲ್ಲಿರುತ್ತಾರೆ. ಡಿಸೆಂಬರ್ ಮೊದಲ ವಾರ ಅದೇ ಇಮೇಲನ್ನು ಮತ್ತೊಮ್ಮೆ ಕಳಿಸಿ.